ಬ್ಯಾಟರಿ ಬದಲಿಸುವ ಮುಂಚೆ ಬೋಲ್ಟ್ ನೋಡಿ: ಮೈಲ್ಡ್ ಹೈಬ್ರಿಡ್ ಫೋರ್ ಬೈ ಫೋರ್ ಗಾಡಿಯ ದೋಷ ಹುಡುಕುವ ಬಗೆ

ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಲಸಕ್ಕೆ ಕಂಟ್ರಾಕ್ಟ್ ಹಿಡಿದಿರುವ ಒಬ್ಬರು ಜನವರಿಯಲ್ಲಿ ಚಿತ್ರದುರ್ಗದ ನಮ್ಮ ಶೆಡ್ಡಿಗೆ ಗಾಡಿ ತಂದರು. ತಂದರು ಅನ್ನುವುದಕ್ಕಿಂತ ಎಳೆಸಿಕೊಂಡು ಬಂದರು. ಡೀಸೆಲ್, ಫೋರ್ ಬೈ ಫೋರ್, 48 ವೋಲ್ಟಿನ ಮೈಲ್ಡ್ ಹೈಬ್ರಿಡ್, ಅಂದರೆ ಎಂಜಿನ್ನಿಗೆ ಸಣ್ಣ ಕರೆಂಟ್ ಮೋಟಾರಿನ ನೆರವಿರುವ ಗಾಡಿ. ಎರಡು ತಿಂಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಹಾಕಿಸಿದ್ದರು.

"ಅಣ್ಣ, ಬ್ಯಾಟ್ರಿ ಹೊಸದು. ಆದ್ರೂ ದಾರೀಲಿ ನಿಂತ್ ಬಿಡ್ತೈತೆ. ಮೊನ್ನೆ ಸುಟ್ಟ ವಾಸ್ನೆ ಬೇರೆ ಬಂತು. ಮನೇಲಿ ಯಾರೂ ಹತ್ತಾಕೆ ಒಲ್ಲೆ ಅಂತಾರೆ. ಹೈಬ್ರಿಡ್ ಗಾಡಿ ಹೊತ್ಕಳೋ ವಿಡಿಯೊ ನೋಡ್ಯಾರೆ ಎಲ್ರೂ."

ಈ ಬರಹ ಆ ಗಾಡಿಯ ದೋಷ ಹುಡುಕಿದ ದಾರಿ. ಇಂಥ ಗಾಡಿಗಳು ಈಗ ನಮ್ಮ ಕಡೆಯೂ ಹೆಚ್ಚುತ್ತಿವೆ. ಹಳೇ ಡೈನಮೋ ಗಾಡಿಗೆ ಮಾಡಿದ ಹಾಗೆಯೇ ಕೈ ಹಾಕಿದರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಕೈಯೂ ಸುಡುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಗಾಡಿಗೆ ವಾರಂಟಿ ಇದ್ದರೆ ನನ್ನಂಥವನ ಹತ್ತಿರ ಬರಬೇಡಿ, ಕಂಪನಿ ಸರ್ವಿಸ್‌ಗೇ ಹೋಗಿ. 48 ವೋಲ್ಟ್ ಕಡೆಯ ಸ್ಕ್ರೂ ಹೊರಗಿನವರು ಬಿಚ್ಚಿದರು ಅಂತ ಗೊತ್ತಾದರೆ ಆಮೇಲೆ ವಾದಕ್ಕೆ ಜಾಗ ಇರುವುದಿಲ್ಲ.

ನಿಮ್ಮದು ಯಾವ ಜಾತಿ

ಮೈಲ್ಡ್ ಹೈಬ್ರಿಡ್ ಅಂದರೆ ಎಲ್ಲವೂ ಒಂದೇ ಅಲ್ಲ. ಮಾರುತಿಯವರು 2015ರಲ್ಲಿ ಸಿಯಾಜ್‌ನಿಂದ ಶುರುಮಾಡಿದ ಎಸ್‌ಎಚ್‌ವಿಎಸ್ ಅನ್ನುವ ಮೈಲ್ಡ್ ಹೈಬ್ರಿಡ್ 12 ವೋಲ್ಟಿನದು. 2022ರ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ (ನಾಲ್ಕೂ ಚಕ್ರ ಎಳೆಯುವ ಮಾದರಿ) ಕೂಡ ಅದೇ ಜಾತಿ. ಲ್ಯಾಂಡ್ ರೋವರ್ ಡಿಫೆಂಡರ್‌ನ ಆರು ಸಿಲಿಂಡರ್ ಎಂಜಿನ್‌ಗಳು, 2025ರಲ್ಲಿ ಬಂದ ಫಾರ್ಚೂನರ್ ನಿಯೊ ಡ್ರೈವ್, ಇವು 48 ವೋಲ್ಟ್. ಬಾನೆಟ್ ಎತ್ತಿದಾಗ ದಪ್ಪ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಮೈಲ್ಡ್ ಅಲ್ಲ, ನೂರಾರು ವೋಲ್ಟಿನ ಪೂರ್ತಿ ಹೈಬ್ರಿಡ್. ಬಾನೆಟ್ ಮುಚ್ಚಿ. ಅಲ್ಲಿಗೆ ಈ ಬರಹ ನಿಮಗಲ್ಲ.

48 ವೋಲ್ಟಿನ ಗಾಡಿಯಲ್ಲಿ ಡೈನಮೋ ಇದ್ದ ಜಾಗದಲ್ಲಿ ಬೆಲ್ಟಿನಿಂದ ತಿರುಗುವ ಒಂದು ಮೋಟಾರ್-ಜನರೇಟರ್ ಇರುತ್ತದೆ. ಎಂಜಿನ್ ತಿರುಗುವಾಗ ಕರೆಂಟ್ ಮಾಡುತ್ತದೆ, ಸಿಗ್ನಲ್‌ನಲ್ಲಿ ಆಫ್ ಆದ ಎಂಜಿನ್ನನ್ನು ಮತ್ತೆ ಎಬ್ಬಿಸುತ್ತದೆ, ಏರು ಹತ್ತುವಾಗ ಸ್ವಲ್ಪ ತಳ್ಳುತ್ತದೆ. ಅದು ಮಾಡಿದ ಕರೆಂಟ್ 48 ವೋಲ್ಟಿನ ಲಿಥಿಯಂ ಬ್ಯಾಟರಿಗೆ ಹೋಗುತ್ತದೆ, ಈ ಗಾಡಿಯಲ್ಲಿ ಅದು ಸೀಟಿನಡಿ ಇತ್ತು. ಅಲ್ಲಿಂದ ಡಿಸಿ-ಡಿಸಿ ಕನ್ವರ್ಟರ್ ಅನ್ನುವ ಡಬ್ಬಿ 48ನ್ನು ಇಳಿಸಿ ಹಳೆಯ 12 ವೋಲ್ಟ್ ಬ್ಯಾಟರಿಗೆ, ಲೈಟಿಗೆ, ಹಾರ್ನಿಗೆ, ಕಂಪ್ಯೂಟರ್‌ಗಳಿಗೆ ಕೊಡುತ್ತದೆ.

ಇದು ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. 12 ವೋಲ್ಟ್ ಬ್ಯಾಟರಿ ಇಲ್ಲಿ ಕೊನೆಯ ಮನೆ. ಮೇಲಿನ ಕಾಲುವೆ ಎಲ್ಲಿ ಕಟ್ಟಿಕೊಂಡರೂ ಒಣಗುವುದು ಕೊನೆಯ ಗದ್ದೆಯೇ. ಗಾಡಿ ನಿಂತಿತು, 12 ವೋಲ್ಟ್ ಬ್ಯಾಟರಿ ಇಳಿದಿದೆ, ಹೊಸದು ಹಾಕಿ ಅಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಈ ಗಿರಾಕಿಯ ಎಮ್ಮೆಗೆ ಎರಡು ಸಲ ಬರೆ ಬಿದ್ದಿತ್ತು.

ಕೈ ಹಾಕುವ ಮುಂಚೆ

48 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅನ್ನುತ್ತಾರೆ. 60 ವೋಲ್ಟ್ ಡಿಸಿಗಿಂತ ಕೆಳಗಿದ್ದರೆ ಮುಟ್ಟಿದವರ ಜೀವಕ್ಕೆ ಅಪಾಯವಿಲ್ಲ ಎಂಬ ಲೆಕ್ಕದಲ್ಲೇ ಈ ವೋಲ್ಟೇಜ್ ಆರಿಸಿದ್ದಾರೆ, ನಿಜ. ಆದರೆ ಅಪಾಯ ಶಾಕಿನದಲ್ಲ, ಕಿಡಿಯದು. 12 ವೋಲ್ಟಿನಲ್ಲಿ ವೈರ್ ತಾಗಿಸಿ ಬಿಟ್ಟರೆ ಚಟ್ ಅಂದು ಕಿಡಿ ಆರುತ್ತದೆ. 48ರಲ್ಲಿ ಕಿಡಿ ಆರದೆ ವೆಲ್ಡಿಂಗ್ ಹಾಗೆ ಹಿಡಿದುಕೊಳ್ಳಬಹುದು. ಉಂಗುರ, ಕಡಗ, ಸ್ಟೀಲ್ ವಾಚು ಬಿಚ್ಚಿಡಿ. ಇಗ್ನಿಷನ್ ಆಫ್ ಮಾಡಿ, ಕೀಲಿಯನ್ನು ಗಾಡಿಯಿಂದ ದೂರ ಒಯ್ಯಿರಿ. ಬಟನ್ ಸ್ಟಾರ್ಟ್ ಗಾಡಿಗಳು ಕೀಲಿ ಹತ್ತಿರ ಇದ್ದರೆ ಪೂರ್ತಿ ಮಲಗುವುದಿಲ್ಲ. ಆಮೇಲೆ ಆ ಗಾಡಿಯ ಪುಸ್ತಕ ಹೇಳಿದಷ್ಟು ನಿಮಿಷ ಕಾದು, ಅದು ಹೇಳಿದ ಕ್ರಮದಲ್ಲೇ 12 ವೋಲ್ಟ್ ನೆಗೆಟಿವ್ ಮತ್ತು 48ರ ಸಂಪರ್ಕ ಬಿಡಿಸಿ. ಮೀಟರ್ ಸೊನ್ನೆ ತೋರಿಸಿದ ಮೇಲೆ ಸ್ಪ್ಯಾನರ್ ಎತ್ತಿ.

ಸಾಮಾನ್ಯ ಬ್ಲೇಡ್ ಫ್ಯೂಸಿನ ಮೇಲೆ 32 ವೋಲ್ಟ್ ಅಂತ ಬರೆದಿರುತ್ತದೆ, ಓದಿ ನೋಡಿ. ಅದನ್ನು 48ರ ಲೈನಿಗೆ ಹಾಕಿದರೆ ಫ್ಯೂಸ್ ಸುಟ್ಟ ಮೇಲೂ ಒಳಗೆ ಕಿಡಿ ಮುಂದುವರಿಯಬಹುದು. ತಂತಿ ಸುತ್ತಿ ಫ್ಯೂಸ್ ಮಾಡುವ ನಮ್ಮ ಹಳೇ ವಿದ್ಯೆ ಇಲ್ಲಿ ಬೇಡವೇ ಬೇಡ.

ಮೀಟರಿಗಿಂತ ಮುಂಚೆ ಮೂಗು

ಗಿರಾಕಿಯನ್ನು ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಲೈಟ್ ಬಂತು" ಅಲ್ಲ, "ಎಂಥಾ ವಾಸ್ನೆ ಬಂತು". ರಬ್ಬರ್ ಸುಟ್ಟ ವಾಸನೆ, ಜೊತೆಗೆ ಕಿರುಗುಡುವ ಸದ್ದು ಇದ್ದರೆ ಬೆಲ್ಟ್. ಕೊಳೆತ ಮೊಟ್ಟೆಯ ವಾಸನೆ ಇದ್ದರೆ 12 ವೋಲ್ಟಿನ ಲೆಡ್ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆ. ಹುಲ್ಲು ಸುಟ್ಟ ವಾಸನೆ ಇದ್ದರೆ ಗಾಡಿಯಡಿ ಬಗ್ಗಿ ನೋಡಿ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಸೀಟಿನಡಿಯಿಂದ ಸಿಹಿ ಸಿಹಿಯಾದ, ನೇಲ್ ಪಾಲಿಶ್ ತೆಗೆಯುವ ದ್ರವದಂಥ ವಾಸನೆ ಬಂದರೆ ಮಾತ್ರ ಲಿಥಿಯಂ ಬ್ಯಾಟರಿಯೇ ಸೋರುತ್ತಿರುವ ಅನುಮಾನ. ಅಂಥ ಗಾಡಿಯನ್ನು ಶೆಡ್ಡಿನೊಳಗೆ ತರಬೇಡಿ, ಬಯಲಲ್ಲಿ ಒಂಟಿಯಾಗಿ ನಿಲ್ಲಿಸಿ, ಕಂಪನಿಯವರನ್ನು ಕರೆಸಿ.

ನಮ್ಮ ಗಿರಾಕಿ ಹೇಳಿದ್ದು "ಪ್ಲಾಸ್ಟಿಕ್ ಕಾಯ್ದಂಗೆ, ಹಿಂದಿನ ಸೀಟಿನ ಹತ್ರ, ಏರು ಹತ್ತುವಾಗ ಮಾತ್ರ". ವೈರಿನ ಹೊದಿಕೆ ಬಿಸಿಯಾಗುತ್ತಿದೆ, ಅದೂ ಮೋಟಾರು ಹೆಚ್ಚು ಕರೆಂಟ್ ಎಳೆಯುವಾಗ. ಈ ಒಂದು ಮಾತಿನಲ್ಲೇ ಮುಕ್ಕಾಲು ಉತ್ತರ ಇತ್ತು. ನಾನೇ ಆವತ್ತು ಅಷ್ಟು ಬೇಗ ಹಿಡಿಯಲಿಲ್ಲ, ಬೆಲ್ಟ್ ಹಿಂದೆ ಬಿದ್ದೆ.

12 ವೋಲ್ಟ್ ಕಡೆ, ಆಮೇಲೆ ಕೋಡು

ಗಾಡಿ ಆಫ್ ಇದ್ದಾಗ 12ರ ಬ್ಯಾಟರಿ 12.6 ಹತ್ತಿರ ಇರಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಆಡುತ್ತದೆ. ಈ ಗಾಡಿಗಳ ಚಾರ್ಜಿಂಗ್ ಸ್ವಲ್ಪ ಬುದ್ಧಿವಂತ, ಹಾಗಾಗಿ ಒಂದು ಕ್ಷಣ 12.8 ತೋರಿಸಿದ ಕೂಡಲೇ ಕೆಟ್ಟಿದೆ ಅನ್ನಬೇಡಿ. ಹೆಡ್‌ಲೈಟ್, ಏಸಿ, ಬ್ಲೋವರ್ ಎಲ್ಲಾ ಹಾಕಿ ಐದು ನಿಮಿಷ ನೋಡಿ. ಎಂಜಿನ್ ಓಡುತ್ತಿರುವಾಗಲೇ 12.3, 12.1 ಅಂತ ಇಳಿಯುತ್ತಾ ಹೋದರೆ ಮೇಲಿಂದ ನೀರು ಬರುತ್ತಿಲ್ಲ. ಈ ಗಾಡಿ ಮೊದಲ ಹತ್ತು ನಿಮಿಷ 14.1 ತೋರಿಸಿತು, ಆಮೇಲೆ ತಟ್ಟನೆ 12.2. ಬ್ಯಾಟರಿಯೇ ಸತ್ತಿದ್ದರೆ ಇಷ್ಟು ತಟ್ಟನೆ ಆಗುವುದಿಲ್ಲ. ಯಾರೋ ಸ್ವಿಚ್ ತೆಗೆದ ಹಾಗಿತ್ತು.

ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಸ್ಕ್ಯಾನರ್ ಹಾಕಿದರೆ ಮೂರು ದೋಷದ ಕೋಡು. ಪಿ0562, ಅಂದರೆ ವೋಲ್ಟೇಜ್ ಕಡಿಮೆ. ಪಿ0ಎ94, ಡಿಸಿ-ಡಿಸಿ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಯು0298, ಆ ಕನ್ವರ್ಟರ್ ಜೊತೆ ಮಾತು ಕಡಿದಿದೆ. ಮೊದಲು ನೋಡಿದವರು ಮೊದಲ ಸಾಲು ಓದಿ ಬ್ಯಾಟರಿ ಬದಲಿಸಿದ್ದರು. ಎರಡನೆಯ ಸಾಲು ಓದಿದವರು ಯಾರಾದರೂ ಇದ್ದಿದ್ದರೆ ಕನ್ವರ್ಟರ್ ಬದಲಿಸುತ್ತಿದ್ದರು, ಅದರ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ಯಾವ ಕೋಡು ಮೊದಲು ಬಂತು ಎಂಬುದನ್ನು ನೋಡಬೇಕು. ಪ್ರತಿ ಕೋಡಿನ ಜೊತೆಗೂ ಆ ಹೊತ್ತಿನ ಕಿಲೋಮೀಟರ್, ಉಷ್ಣತೆ, ವೋಲ್ಟೇಜ್ ದಾಖಲಾಗಿರುತ್ತವೆ. ಇಲ್ಲಿ ಮೂರಕ್ಕೂ ಮುಂಚೆ 48ರ ಬ್ಯಾಟರಿಯ ವೋಲ್ಟೇಜ್ ಒಂದು ಕ್ಷಣ ಕುಸಿದಿತ್ತು. ಬ್ಯಾಟರಿಯೊಳಗಿನ ಕಂಪ್ಯೂಟರ್ ಹೆದರಿ ಸಂಪರ್ಕ ಕಡಿದುಕೊಂಡಿತ್ತು. ಉಳಿದದ್ದೆಲ್ಲ ಅದರ ಮಕ್ಕಳು.

ಬೆಲ್ಟ್: ಇಲ್ಲಿ ದಾರಿ ತಪ್ಪಿದ್ದು

ನಮ್ಮ ಕಡೆಯ ಗಾಡಿ ಅಂದರೆ ನನ್ನ ಕಣ್ಣು ಮೊದಲು ಬೆಲ್ಟಿಗೇ ಹೋಗುತ್ತದೆ. ಭೀಮಸಮುದ್ರದ ಅದಿರಿನ ದೂಳು, ವೇದಾವತಿಯ ಮರಳು, ಹಿರಿಯೂರು ಕಡೆಯ ಎರೆಮಣ್ಣು, ಮೂರೂ ಸೇರಿ ಬೆಲ್ಟಿನ ಗೆರೆಗಳಲ್ಲಿ ಉಪ್ಪುಕಾಗದದ ಹಾಗೆ ಕೂರುತ್ತವೆ. ಮಾಮೂಲಿ ಗಾಡಿಯಲ್ಲಿ ಬೆಲ್ಟು ಒಂದೇ ದಿಕ್ಕಿಗೆ ಎಳೆತ ಕಾಣುತ್ತದೆ. ಇಲ್ಲಿ ಎಂಜಿನ್ ಬೆಲ್ಟನ್ನು ಎಳೆಯುತ್ತದೆ, ಮರುಕ್ಷಣ ಬೆಲ್ಟೇ ಎಂಜಿನ್ನನ್ನು ಎಳೆಯುತ್ತದೆ. ಅದಕ್ಕೇ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಇಲ್ಲಿ ಎರಡೂ ಕಡೆ ಬಿಗಿ ಹಿಡಿಯುವಂಥದ್ದು. ಅದರ ತೋಳಿನ ಬುಶ್ ಸವೆದರೆ ಸ್ಟಾರ್ಟ್ ಆಗುವ ಹೊತ್ತಿಗೆ ಬೆಲ್ಟ್ ಜಾರುತ್ತದೆ. ಎಂಜಿನ್ ಆಫ್ ಮಾಡಿ, ಬೆಲ್ಟಿನ ಗೆರೆಗಳ ಕಡೆ ಟಾರ್ಚ್ ಬಿಟ್ಟು ನೋಡಿ: ಮಿರಮಿರ ಹೊಳೆಯುತ್ತಿದ್ದರೆ ಜಾರಿ ಜಾರಿ ಪಾಲಿಶ್ ಆಗಿದೆ. ಉಗುರಿಗೆ ಬಿರುಕು ಸಿಕ್ಕರೆ ಬದಲಿಸಿ. ಮಾಮೂಲಿ ಬೆಲ್ಟ್ ಅಳತೆಗೆ ಸರಿಹೋದರೂ ಹಾಕಬೇಡಿ.

ಇನ್ನೊಂದು, ವಾಟರ್ ವಾಶ್. ಮಾರಿಕಣಿವೆ ಹಿನ್ನೀರಿನಲ್ಲಿ ಮೊಣಕಾಲುದ್ದ ನೀರು ದಾಟಿದ್ದಕ್ಕಿಂತ ಆಮೇಲೆ ಬಾನೆಟ್ ಎತ್ತಿ ಜೆಟ್ ಹೊಡೆಸಿದ್ದರಿಂದ ಕೆಟ್ಟ ಮೋಟಾರುಗಳೇ ನನ್ನ ಲೆಕ್ಕದಲ್ಲಿ ಹೆಚ್ಚು. ನೀರು ದಾಟಲು ಕಂಪನಿ ಸೀಲ್ ಮಾಡಿರುತ್ತದೆ. ಒಂದಡಿ ದೂರದಿಂದ ಬರುವ ಜೆಟ್ಟಿಗೆ ವೈರ್ ಜೋಡಿಸುವ ಯಾವ ಕಪ್ಲರಿನ ಸೀಲೂ ತಡೆಯುವುದಿಲ್ಲ. ಕಾದ ಮೋಟಾರಿನ ಮೇಲೆ ತಣ್ಣೀರು ಬಿದ್ದರೆ ಒಳಗಿನ ಗಾಳಿ ಕುಗ್ಗಿ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಪ್ಲರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಬೂಸಲಿನಂಥದ್ದು ಕಂಡರೆ ಅದೇ.

ಈ ಗಾಡಿಯ ಬೆಲ್ಟು ಸ್ವಲ್ಪ ಹೊಳೆಯುತ್ತಿತ್ತು, ಹೊಸದು ಹಾಕಿದೆ. ಚಂದ್ರವಳ್ಳಿ ಕಡೆ ಒಂದು ಸುತ್ತು ಹೊಡೆದು ಬಂದೆ, ಸರಿ ಇತ್ತು. ಮೂರನೇ ದಿನ ಗಿರಾಕಿ ಫೋನ್ ಮಾಡಿ "ಮತ್ತೆ ನಿಂತೈತೆ ಅಣ್ಣ" ಅಂದಾಗ ನನಗೂ ಮುಖ ಸಣ್ಣದಾಯಿತು.

ಅರ್ಥ್ ಬೋಲ್ಟ್

ಆಗ ಅವರ ಮಾತು ನೆನಪಾಯಿತು: ಹಿಂದಿನ ಸೀಟಿನ ಹತ್ತಿರ, ಏರು ಹತ್ತುವಾಗ.

ಸೀಟ್ ಬಿಚ್ಚುವ ಮುಂಚೆ ಅಳತೆ ತೆಗೆದೆವು. ಎಂಜಿನ್ ಓಡಿಸಿ, ಸ್ಕ್ಯಾನರ್‌ನಲ್ಲಿ 48ರ ಬ್ಯಾಟರಿಯ ಕರೆಂಟ್ ನೋಡಿದರೆ 32 ಆಂಪಿಯರ್. ಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಲಗ್ (ಕೇಬಲ್ ತುದಿಯ ಲೋಹದ ಬಳೆ) ಮೇಲೆ, ಇನ್ನೊಂದು ಬಾಡಿಯ ಬರಿ ಲೋಹದ ಮೇಲೆ. ಎರಡರ ನಡುವೆ ಇರುವುದು ಒಂದೇ ಒಂದು ಬೋಲ್ಟ್, ಅದೇ ಅರ್ಥ್ ಬೋಲ್ಟ್, ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರುವ ದಾರಿ. ಅಲ್ಲಿ ಐದು ಮಿಲಿವೋಲ್ಟ್ ಒಳಗೆ ಇರಬೇಕಾದದ್ದು 260 ತೋರಿಸಿತು.

ಲೆಕ್ಕ ಹಾಕಿ. 260 ಮಿಲಿವೋಲ್ಟನ್ನು 32ರಿಂದ ಭಾಗಿಸಿದರೆ ಸುಮಾರು 8 ಮಿಲಿಓಮ್. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಂತಲ್ಲಿ 32 ಆಂಪಿಯರಿಗೆ ಆ ಬೋಲ್ಟಿನಲ್ಲಿ 8 ವಾಟ್, ಬೆಚ್ಚಗೂ ಆಗುವುದಿಲ್ಲ. ಜೋಗಿಮಟ್ಟಿ ಏರಿನಲ್ಲಿ ಮೋಟಾರು 200 ಆಂಪಿಯರ್ ಎಳೆದರೆ ಅದೇ ಬೋಲ್ಟಿನಲ್ಲಿ 320 ವಾಟ್. ಬಟ್ಟೆಗೆ ಇಸ್ತ್ರಿ ಮಾಡುವಷ್ಟು ಬಿಸಿ, ಸೀಟಿನ ಫೋಮಿನ ಕೆಳಗೆ, ಕಾರ್ಪೆಟ್ಟಿನ ಪಕ್ಕದಲ್ಲಿ. ಶೆಡ್ಡಿನಲ್ಲಿ ನಿಲ್ಲಿಸಿ ನೋಡಿದವರಿಗೆ ದೋಷ ಸಿಗದಿದ್ದುದು ಇದಕ್ಕೇ.

ಸೀಟ್ ಎತ್ತಿದೆವು. ಬೋಲ್ಟಿನ ತಲೆ ನವಿಲುಗರಿಯ ಬಣ್ಣಕ್ಕೆ ತಿರುಗಿತ್ತು, ನೀಲಿ, ನೇರಳೆ, ಅಂಚಿನಲ್ಲಿ ಒಣಹುಲ್ಲಿನ ಹಳದಿ. ಕೇಬಲ್ಲಿನ ಕರಿ ಹೊದಿಕೆ ಎರಡು ಬೆರಳಗಲ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಬೋಲ್ಟಿನಡಿ ಒಂದು ಲಗ್ ಇರಬೇಕಾದಲ್ಲಿ ಎರಡು. ಮೇಲಿನದು ಕಂಪನಿಯದಲ್ಲ, ತೆಳ್ಳಗಿನ ತಗಡಿನ ಲಗ್, ಅದರಿಂದ ಒಂದು ಸಣ್ಣ ವೈರ್ ಡಿಕ್ಕಿಯ ಫ್ರಿಜ್ಜಿಗೆ ಹೋಗಿತ್ತು. ಯಾವುದೋ ಆಕ್ಸೆಸರೀಸ್ ಅಂಗಡಿಯ ಹುಡುಗ ಅರ್ಥ್ ಎಲ್ಲಿ ಸಿಗುತ್ತದೆ ಅಂತ ಹುಡುಕಿ, ಕೈಗೆ ಸಿಕ್ಕ ಬೋಲ್ಟ್ ಬಿಚ್ಚಿ ತನ್ನದನ್ನೂ ಸಿಕ್ಕಿಸಿ, ಕೈಬಿಗಿಯಲ್ಲೇ ಬಿಟ್ಟಿದ್ದ. ಮಣ್ಣುರಸ್ತೆಯ ಕುಲುಕಿಗೆ ಅದು ಸಡಿಲಾಗುತ್ತಾ ಹೋಗಿದೆ. ಬೆರಳಲ್ಲೇ ಕಾಲು ಸುತ್ತು ತಿರುಗಿತು.

ಕಂಪನಿಯೇ ಇಂಥ ತಪ್ಪು ಮಾಡಿದ್ದೂ ಉಂಟು. 48 ವೋಲ್ಟಿನ ಅರ್ಥ್ ಬೋಲ್ಟ್ ಸಾಕಷ್ಟು ಬಿಗಿಯಾಗಿಲ್ಲದಿರಬಹುದು, ಬೆಂಕಿಯ ಅಪಾಯವಿದೆ ಅಂತ ಮರ್ಸಿಡಿಸ್ 2024ರಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ವಾಪಸ್ ಕರೆಸಿತು. ಅಲ್ಲೂ ಜಾಗ ಸೀಟಿನಡಿಯೇ.

ಸರಿಪಡಿಸುವುದು ಹೀಗೆ. ಹಳೇ ಬೋಲ್ಟ್ ಬಿಸಾಕಿ. ಬಣ್ಣ ತಿರುಗಿದ ಉಕ್ಕನ್ನು ನಂಬಬೇಡಿ. ಸುಟ್ಟ ಕೇಬಲ್ಲನ್ನು ಕತ್ತರಿಸಿ ಜೋಡಿಸದೆ ಪೂರ್ತಿ ಬದಲಿಸಿ. ಬಾಡಿಯ ಮೇಲೆ ಲಗ್ ಕೂರುವ ಜಾಗವನ್ನು ಬರಿ ಲೋಹ ಹೊಳೆಯುವ ತನಕ ತಿಕ್ಕಿ, ಲಗ್ ಮತ್ತು ಬಾಡಿಯ ನಡುವೆ ಗ್ರೀಸ್, ಪೇಂಟ್, ವಾಶರ್ ಏನೂ ಬೇಡ. ಪುಸ್ತಕದಲ್ಲಿರುವ ಬಿಗಿಗೆ, ಬಿಗಿ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದು, ಆಮೇಲೆ ಹೊರಗಿನಿಂದ ತುಕ್ಕಿಗೆ ಬಳಿಯಿರಿ. ಕೊನೆಗೆ ಬೋಲ್ಟಿನ ತಲೆಯಿಂದ ಬಾಡಿಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ. ಗೆರೆ ಮುರಿದರೆ ಬೋಲ್ಟ್ ತಿರುಗಿದೆ ಅಂತ. ನಾವು ಮುಗಿಸಿ ಅಳೆದಾಗ 4 ಮಿಲಿವೋಲ್ಟ್.

ಫ್ರಿಜ್ಜು, ಲೈಟ್ ಬಾರ್, ವಿಂಚು ಏನೇ ಇರಲಿ, 48ರ ಯಾವ ಬೋಲ್ಟಿಗೂ ಸಿಕ್ಕಿಸಬೇಡಿ. 12ರ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ನೇರ ಬೇಡ, ಅಲ್ಲಿ ಕರೆಂಟ್ ಎಣಿಸುವ ಸೆನ್ಸರ್ ಇರುತ್ತದೆ. ಅದನ್ನು ದಾಟಿಸಿ ಹಾಕಿದರೆ ಗಾಡಿಗೆ ಲೆಕ್ಕ ತಪ್ಪುತ್ತದೆ. ಬಾಡಿಯ ಬೇರೆ ಅರ್ಥ್ ಜಾಗ ಹುಡುಕಿ. ಮತ್ತೆ ಹೈವೇಯಲ್ಲಿ ನಿಂತಾಗ ಲಾರಿಯವರು ಪಾಪ ಒಳ್ಳೇ ಮನಸ್ಸಿನಿಂದ ಜಂಪ್ ಕೊಡಲು ಬರುತ್ತಾರೆ. ಲಾರಿಯದು 24 ವೋಲ್ಟ್. ಕೈಮುಗಿದು ಬೇಡ ಅನ್ನಿ.

ಸೀಟಿನಡಿಯ ಗಾಳಿಕಿಂಡಿ

ಅದೇ ಸೀಟಿನಡಿ ಇನ್ನೊಂದು ಸಿಕ್ಕಿತು. ಕೆಲವು ಗಾಡಿಗಳಲ್ಲಿ ಲಿಥಿಯಂ ಬ್ಯಾಟರಿಗೆ ಗಾಳಿ ಎಳೆಯುವ ಸಣ್ಣ ಫ್ಯಾನು, ಅದಕ್ಕೊಂದು ಜಾಲರಿ ಇರುತ್ತದೆ. ಗಿರಾಕಿಯ ಮಾವನ ಮನೆ ಚಳ್ಳಕೆರೆ. ಸೀಟಿನ ಮುಂದೆ ಶೇಂಗಾ ಚೀಲ ಇಟ್ಟು ತಂದು ತಂದು ಜಾಲರಿ ತುಂಬಾ ಕೆಂಪು ಸಿಪ್ಪೆ ಮೆತ್ತಿಕೊಂಡಿತ್ತು. ಬ್ಯಾಟರಿ ಬಿಸಿಯಾದರೆ ಗಾಡಿ ತಾನೇ ಅದರ ಕೆಲಸ ಕಡಿಮೆ ಮಾಡುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ವಲ್ಪ ಹೊತ್ತು ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡದಿದ್ದರೆ ಅದು ದೋಷವಲ್ಲ. ಸಂಜೆ ತಂಪಿನಲ್ಲೂ ಹಾಗೇ ಮಾಡಿದರೆ ಜಾಲರಿ ನೋಡಿ.

ಹೊತ್ತಿಕೊಳ್ಳುತ್ತದಾ?

ಎಲ್ಲರ ಫೋನಿನಲ್ಲೂ ಓಡಾಡಿದ ಒಂದು ದೊಡ್ಡ ಬೆಂಕಿ ಇಂಗ್ಲೆಂಡಿನ ಲೂಟನ್ ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡದ್ದು, 2023ರ ಅಕ್ಟೋಬರ್. ಸಾವಿರಕ್ಕೂ ಹೆಚ್ಚು ಗಾಡಿ ಸುಟ್ಟವು, ಹೈಬ್ರಿಡ್ಡಿನಿಂದ ಶುರುವಾಯಿತು ಅಂತ ಸುದ್ದಿ ಹಬ್ಬಿತು. ಅಲ್ಲಿನ ಅಗ್ನಿಶಾಮಕದವರು ಹೇಳಿದ್ದು, ಶುರುವಾದದ್ದು ಒಂದು ಡೀಸೆಲ್ ಗಾಡಿಯಲ್ಲಿ ಅಂತ.

48 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವ ಶಕ್ತಿ ಅರ್ಧ ಯೂನಿಟ್ಟು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ಹತ್ತು ಯೂನಿಟ್ಟು. ಟ್ಯಾಂಕಿನಲ್ಲಿ ಎಂಬತ್ತು ಲೀಟರ್ ಇರುತ್ತದೆ. ಉರಿಯುವುದು ಯಾವುದು ಅಂತ ನೀವೇ ಹೇಳಿ. ಮೈಲ್ಡ್ ಹೈಬ್ರಿಡ್‌ನಲ್ಲಿ ನನಗೆ ಹೆದರಿಕೆ ಇರುವುದು ಬ್ಯಾಟರಿಯ ಮೇಲಲ್ಲ, ಸಡಿಲ ಸಂಪರ್ಕದ ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ: ಇಲಿ ಕಡಿದ ಡೀಸೆಲ್ ಪೈಪು, ಎಣ್ಣೆ ಜಿನುಗುವ ಸೀಲು, ಬಾನೆಟ್ಟಿನೊಳಗೆ ಮರೆತ ಬಟ್ಟೆ.

ನಮ್ಮ ಸೀಮೆಗೆ ಇನ್ನೊಂದು ಕಾರಣ ಸೇರಿಸಬೇಕು. ಸುಗ್ಗಿಯಲ್ಲಿ ಹುರುಳಿ, ರಾಗಿ ತೆನೆಯನ್ನು ಟಾರ್ ರಸ್ತೆಗೆ ಹರಡಿ ಗಾಡಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಸುತ್ತಾರೆ. ಹುರುಳಿ ಬಳ್ಳಿ ಶಾಫ್ಟಿಗೆ ಸುತ್ತಿಕೊಂಡು ಸೈಲೆನ್ಸರ್ ಸೇರಿದರೆ ಹತ್ತು ನಿಮಿಷದಲ್ಲಿ ಹೊಗೆ. ಬಿಎಸ್ 6 (ಹೊಗೆಯ ಹೊಸ ನಿಯಮದ) ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುದ್ಧ ಮಾಡಿಕೊಳ್ಳುವಾಗ ಒಳಗಿನ ಬಿಸಿ 600 ಡಿಗ್ರಿ ಮುಟ್ಟುತ್ತದೆ. ಗಾಡಿ ಸುಟ್ಟಮೇಲೆ ಬಂದವರು ಹುರುಳಿ ನೋಡುವುದಿಲ್ಲ, ಹಿಂದೆ ಅಂಟಿಸಿರುವ ಹೈಬ್ರಿಡ್ ಅನ್ನುವ ಅಕ್ಷರ ನೋಡುತ್ತಾರೆ. ಒಕ್ಕಣೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ, ಕಿತ್ತು ತೆಗೆಯಿರಿ. ಕಾವಲಿನ ಒಣಹುಲ್ಲಿನ ಮೇಲೆ ಎಂಜಿನ್ ಓಡಿಸಿಕೊಂಡು ನಿಲ್ಲಬೇಡಿ.

ಹೊಗೆ ಬಂದೇಬಿಟ್ಟರೆ ಎಂಜಿನ್ ಆಫ್, ಎಲ್ಲರೂ ಇಳಿದು ಗಾಳಿಯ ಎದುರು ದಿಕ್ಕಿಗೆ ದೂರ, 112ಕ್ಕೆ ಫೋನ್. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಭಗ್ ಅನ್ನುತ್ತದೆ. ಸಂದಿಯಲ್ಲೇ ಪೌಡರ್ ಸಿಲಿಂಡರ್ ಹೊಡೆಯಿರಿ, ವೈರಿಗೂ ಡೀಸೆಲ್ಲಿಗೂ ಅದು ಆಗುತ್ತದೆ. ಸೀಟಿನಡಿಯ ಬ್ಯಾಟರಿಯೇ ಹೊಗೆ ಬಿಟ್ಟರೆ ಪೌಡರಿಗೆ ಬಗ್ಗುವುದಿಲ್ಲ, ತುಂಬಾ ನೀರು ಬೇಕು, ಆ ಹೊಗೆ ವಿಷ. ಅದನ್ನು ಅಗ್ನಿಶಾಮಕದವರಿಗೆ ಬಿಟ್ಟುಬಿಡಿ. ಆರಿದ ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಹೊತ್ತಬಹುದು. ಮನೆಯ ಗೋಡೆ ಪಕ್ಕ, ಬಣವೆ ಪಕ್ಕ ನಿಲ್ಲಿಸಬಾರದು.

ಗಿರಾಕಿಗೆ ಐನೂರು ಕಿಲೋಮೀಟರ್ ಓಡಿಸಿ ಬನ್ನಿ ಅಂದಿದ್ದೆ, ಬಂದರು. ಈ ಸಲ ಮನೆಯವರೂ ಜೊತೆಗಿದ್ದರು. ಸೀಟ್ ಎತ್ತಿದೆ. ಬಿಳಿ ಗೆರೆ ಇದ್ದಲ್ಲೇ ಇತ್ತು. ಮೀಟರ್ 4 ಮಿಲಿವೋಲ್ಟ್. ಜಾಲರಿಯಲ್ಲಿ ಮಾತ್ರ ಮತ್ತೆ ಒಂದು ಮುಷ್ಟಿ ಶೇಂಗಾ ಸಿಪ್ಪೆ. ಅವರ ಹೆಂಡತಿ ಗಂಡನ ಕಡೆ ಒಂದು ಸಲ ನೋಡಿ, "ಚೀಲಾನ ಇನ್ಮೇಲೆ ಬಸ್ಸಿಗೆ ಹಾಕ್ರಿ" ಅಂದರು.